ಬೋರ್ಡ್ ಓದಲು ಬಾರದ ಇಬ್ಬರು

ಕಳೆದ ತಿಂಗಳ ಒಂದು ಮಂಗಳವಾರ. ಬೇರೆ ಮಕ್ಕಳೆಲ್ಲ ಸ್ಕೂಲಿನಲ್ಲಿದ್ದ ಹೊತ್ತಿಗೆ ನಾನು, ಎಂಟು ವರ್ಷದ ಮಗ, ಮಲ್ಪೆಯಿಂದ ಬಂದಿರುವ ನನ್ನ ಅಮ್ಮ, ಮೂವರೂ ಸನ್ನಿವೇಲ್‌ನಿಂದ ಮಾಂಟೆರೇ ಬೇ ಅಕ್ವೇರಿಯಂಗೆ ಹೊರಟಿದ್ದೆವು. ಒಂದೂವರೆ ಗಂಟೆಯ ದಾರಿ. ಹೋಮ್‌ಸ್ಕೂಲಿಂಗ್‌ನ ಸುಖ ಇದೇ ನೋಡಿ, ವಾರದ ನಡುವೆ ಹೋಗಬಹುದು, ರಶ್ ಇರಲ್ಲ.

ಹಿಂದಿನ ರಾತ್ರಿ ಹನ್ನೊಂದರವರೆಗೆ ಕೂತು ವರ್ಕ್‌ಶೀಟ್ ಮಾಡಿದ್ದೆ. ಇಪ್ಪತ್ತು ಪ್ರಶ್ನೆ. ಪ್ರತಿ ತೊಟ್ಟಿಯ ಪಕ್ಕದ ಬೋರ್ಡ್ ಓದಿ ಉತ್ತರ ಬರೆಯಬೇಕು.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ನನ್ನ ಮಗನಿಗೆ ಇನ್ನೂ ಸರಿಯಾಗಿ ಓದಲು ಬರುವುದಿಲ್ಲ. ಒಂದನೇ ಕ್ಲಾಸ್ ಮುಗಿದ ಮೇಲೆ ಸ್ಕೂಲ್ ಬಿಡಿಸಿದ್ದಕ್ಕೆ ನಿಜವಾದ ಕಾರಣ ಅದೇ. ಆದರೆ ಕೇಳಿದವರಿಗೆಲ್ಲ "ಅವನ ಸ್ಪೀಡಿನಲ್ಲಿ ಕಲೀಲಿ ಅಂತ" ಎಂದೇ ಹೇಳುತ್ತಾ ಬಂದಿದ್ದೆ. ಅಮ್ಮನಿಗೂ ಅದನ್ನೇ ಹೇಳಿದ್ದೆ.

ಕ್ಯಾಲಿಫೋರ್ನಿಯಾದಲ್ಲಿ ಇದು ಸುಲಭ. ಪ್ರತಿವರ್ಷ ಅಕ್ಟೋಬರ್ 1ರಿಂದ 15ರೊಳಗೆ ನಮ್ಮ ಮನೆಯೇ ಒಂದು ಖಾಸಗಿ ಶಾಲೆ ಎಂದು ಅಫಿಡವಿಟ್ ಸಲ್ಲಿಸಿದರಾಯಿತು. ರಾಜ್ಯದ ಪರೀಕ್ಷೆ ಇಲ್ಲ, ಮಾರ್ಕ್ಸ್ ಕಾರ್ಡ್ ಕೇಳುವವರಿಲ್ಲ. ಮಗುವಿಗೆ ಇದು ದೊಡ್ಡ ಬಿಡುಗಡೆ. ಬಚ್ಚಿಟ್ಟುಕೊಳ್ಳಬೇಕೆನ್ನುವ ತಾಯಿಗೂ ಅಷ್ಟೇ ಅನುಕೂಲ.

ಆ ಅಕ್ವೇರಿಯಂ ಇರುವುದು ಹಳೆಯ ಮೀನು ಕಾರ್ಖಾನೆಯೊಂದರ ಜಾಗದಲ್ಲಿ. ಸಾರ್ಡಿನ್ ಮೀನನ್ನು ಡಬ್ಬಿಗೆ ತುಂಬುತ್ತಿದ್ದ ಕಾರ್ಖಾನೆಗಳು ಆ ಬೀದಿಯುದ್ದಕ್ಕೂ ಇದ್ದವಂತೆ. ಅಕ್ವೇರಿಯಂ ಶುರುವಾಗಿದ್ದು 1984ರಲ್ಲಿ. ಹಳೆಯ ಬಾಯ್ಲರ್‌ಗಳನ್ನು ಈಗಲೂ ಹಾಗೇ ಉಳಿಸಿಕೊಂಡಿದ್ದಾರೆ.

ಒಳಗೆ 28 ಅಡಿ ಎತ್ತರದ ಕೆಲ್ಪ್ ತೊಟ್ಟಿ. ಕೆಲ್ಪ್ ಅಂದರೆ ಸಮುದ್ರದಲ್ಲಿ ಮರದೆತ್ತರ ಬೆಳೆಯುವ ಪಾಚಿ. ಎದುರು ನಿಂತರೆ ಕಾಡಿನೊಳಗೆ ಕತ್ತೆತ್ತಿ ನೋಡಿದ ಹಾಗಾಗುತ್ತದೆ. ನಾನು ನೋಡಲಿಲ್ಲ. ಮಗನ ಕೈಗೆ ಪೆನ್ಸಿಲ್ ಕೊಟ್ಟು ಬೋರ್ಡಿನ ಮುಂದೆ ನಿಲ್ಲಿಸಿದೆ.

ಅವನು ಮೊದಲ ಸಾಲಿನ ಮೇಲೆ ಬೆರಳಿಟ್ಟ. ಎರಡನೇ ಪದಕ್ಕೇ ನಿಂತ. ಪಕ್ಕದಲ್ಲಿ ಯಾವುದೋ ಶಾಲೆಯ ಮಕ್ಕಳು, ಅವನಿಗಿಂತ ಚಿಕ್ಕವರು, ಗಟ್ಟಿಯಾಗಿ ಓದುತ್ತಾ ಸರಸರ ಬರೆದುಕೊಳ್ಳುತ್ತಿದ್ದರು. "ಟ್ರೈ ಮಾಡೋ, ಇದೇನು ಕಷ್ಟ" ಅಂದೆ. ದನಿ ಸ್ವಲ್ಪ ಏರಿತ್ತು. ಅವನು ಹಾಳೆ ಮಡಚಿ ಜೇಬಿಗೆ ತುರುಕಿಕೊಂಡು ಅಜ್ಜಿಯ ಹತ್ತಿರ ಹೋದ.

"ಅಮ್ಮಮ್ಮ, ಇದ್ರಲ್ಲಿ ಏನ್ ಬರ್ದಿದೆ?"

"ನನಗೆಲ್ಲಿ ಇಂಗ್ಲಿಷ್ ಬರ್ತದೆ ಮಗಾ? ಬಾ, ಮೀನನ್ನೇ ನೋಡುವ."

ಇಬ್ಬರೂ ತೊಟ್ಟಿಯೆದುರು ನೆಲದ ಮೇಲೆ ಕೂತರು. ಬೆಳ್ಳಿಯಂಥ ಮೀನುಗಳ ಗುಂಪೊಂದು ಒಟ್ಟಿಗೆ ತಿರುಗಿತು. "ಇದು ನಮ್ಮ ಬೂತಾಯಿ ಅಲ್ವಾ ಮಾರಾಯ್ತಿ!" ಅಂದರು ಅಮ್ಮ. ನಾನು ಬೋರ್ಡ್ ನೋಡಿದೆ. ಪೆಸಿಫಿಕ್ ಸಾರ್ಡಿನ್. ಬೂತಾಯಿಯದೇ ದೂರದ ನೆಂಟ.

ಆಮೇಲೆ ಅಮ್ಮನ ಮಾತು ಶುರುವಾಯಿತು. ರಂಪಣಿ ಬಲೆ ಹಾಕಿದ ದಿನ ಊರಿನವರೆಲ್ಲ ದಡದಲ್ಲಿ ನಿಂತು ಹಗ್ಗ ಎಳೆಯುತ್ತಿದ್ದದ್ದು, ಬಲೆಯಿಂದ ಜಾರಿದ ಮೀನನ್ನು ಮಕ್ಕಳು ಹೆಕ್ಕುತ್ತಿದ್ದದ್ದು, ಮುಂದೆ ಪರ್ಸೀನ್ ಬೋಟು ಬಂದು ರಂಪಣಿ ಮೂಲೆ ಸೇರಿದ್ದು. ನನ್ನ ಮಗ ಬಾಯಿ ಬಿಟ್ಟುಕೊಂಡು ಕೇಳಿದ. ನಡುನಡುವೆ ತಾನು ಕಂಡದ್ದನ್ನೂ ಹೇಳಿದ. "ಎಲೆ ಬುಡದಲ್ಲಿ ಪುಟ್ಟ ಬಲೂನ್ ಇದೆ, ಅದಕ್ಕೇ ಗಿಡ ಮುಳುಗಲ್ಲ." "ಇಲ್ಲಿ ಗಾಳಿನೇ ಇಲ್ಲ, ಆದ್ರೂ ಗಿಡ ಅಲ್ಲಾಡ್ತಿದೆ. ನೀರನ್ನ ಯಾರೋ ತಳ್ತಿದಾರೆ."

ಅಲ್ಲಿದ್ದ ಸ್ವಯಂಸೇವಕಿಯನ್ನು ಕೇಳಿದೆ. ಎರಡೂ ಸರಿ! ಆ ಗಾಳಿಗುಳ್ಳೆಗಳೇ ಕೆಲ್ಪನ್ನು ಮೇಲಕ್ಕೆತ್ತಿ ಹಿಡಿಯುತ್ತವೆ. ನೀರು ಅಲುಗಾಡದಿದ್ದರೆ ಅದು ಬದುಕುವುದಿಲ್ಲ, ಹಾಗಾಗಿ ಯಂತ್ರವಿಟ್ಟು ಅಲೆ ಎಬ್ಬಿಸುತ್ತಾರೆ. ನನ್ನ ಇಪ್ಪತ್ತು ಪ್ರಶ್ನೆಗಳಲ್ಲಿ ಇವೆರಡೂ ಇರಲಿಲ್ಲ.

ಕಾರ್ಖಾನೆಗಳೆಲ್ಲ ಯಾಕೆ ಮುಚ್ಚಿದವು ಎಂದು ಮಗ ಕೇಳಿದ. ಮಿತಿಮೀರಿ ಹಿಡಿದರು, ಕಡಲಿನ ಬಿಸಿಯೂ ಏರಿಳಿಯಿತು, 1950ರ ದಶಕದ ಹೊತ್ತಿಗೆ ಇಲ್ಲಿ ಸಾರ್ಡಿನ್ ಸಿಗದಂತಾಯಿತು ಎಂದೆ. "ನಮ್ಮಲ್ಲೂ ಹಾಗೇ. ಒಂದು ವರ್ಷ ರಾಶಿ, ಇನ್ನೊಂದು ವರ್ಷ ಹುಡುಕಿದ್ರೂ ಇಲ್ಲ" ಅಂದರು ಅಮ್ಮ.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಹೋಮ್‌ಸ್ಕೂಲಿಂಗ್ ಗೆದ್ದ ಕಥೆಯಾಗುತ್ತಿತ್ತು. ಆದರೆ ವಾಪಸ್ ಬರುವಾಗ ಕಾರಿನಲ್ಲಿ ಮಗ ಹೇಳಿದ: "ಅಮ್ಮಾ, ನಂಗೂ ಆ ಬೋರ್ಡ್ ಓದ್ಬೇಕಿತ್ತು. ಎರಡನೇ ಪದ ಓದೋಷ್ಟರಲ್ಲಿ ಮೊದಲನೇದು ಮರ್ತೋಗುತ್ತೆ."

ಇಷ್ಟು ದಿನ ಅವನು ಇದನ್ನು ಹೇಳಿರಲಿಲ್ಲ. ಅಥವಾ ಹೇಳಲು ನಾನು ಬಿಟ್ಟಿರಲಿಲ್ಲ.

ಅವನು ನಿದ್ದೆ ಹೋದ ಮೇಲೆ ಅಮ್ಮ ಮೆಲ್ಲಗೆ ಕೇಳಿದರು, "ಹುಡುಗನ ಕಣ್ಣು ಚುರುಕುಂಟು, ಕಿವಿಯೂ ಚುರುಕುಂಟು. ಓದುವುದರಲ್ಲಿ ಮಾತ್ರ ಎಂತದೋ ತೊಡಕು. ಯಾರಿಗಾದ್ರೂ ತೋರಿಸಿದ್ಯಾ?"

ಬಂದು ಮೂರೇ ವಾರದಲ್ಲಿ ಅವರಿಗೆ ಗೊತ್ತಾಗಿತ್ತು. ನನಗೆ ಗೊತ್ತಾಗಿ ಎರಡು ವರ್ಷವಾಗಿತ್ತು. ಮನೆಯಲ್ಲೇ ಕಲಿಯುವ ಮಗುವಿನ ಕಲಿಕೆಯ ತೊಂದರೆಯನ್ನು ಪರೀಕ್ಷಿಸಿಕೊಡಿ ಎಂದು ಇಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಬರೆದು ಕೇಳಬಹುದು. ಅದೂ ಗೊತ್ತಿತ್ತು. ಮಗನಿಗೆ ಹಣೆಪಟ್ಟಿ ಅಂಟುತ್ತದೆ ಅಂತ ಹೆದರಿದ್ದೆ ಅಂದುಕೊಂಡಿದ್ದೆ. ಅಂದು ಡ್ರೈವ್ ಮಾಡುತ್ತಾ ಹೊಳೆಯಿತು, ನಾನು ಹೆದರಿದ್ದು ನನಗೆ ಸಿಗುವ ಹಣೆಪಟ್ಟಿಗೆ.

ಆ ರಾತ್ರಿಯೇ ಪತ್ರ ಬರೆದೆ. ನಾಲ್ಕು ಸಾಲು, ಐದು ನಿಮಿಷದ ಕೆಲಸ. ಈಗ ಉತ್ತರಕ್ಕೆ ಕಾಯುತ್ತಿದ್ದೇವೆ.

ಹೋಮ್‌ಸ್ಕೂಲಿಂಗ್ ಬಿಡುತ್ತಿಲ್ಲ. ಆದರೆ "ಅವನ ಸ್ಪೀಡಿನಲ್ಲಿ ಕಲೀಲಿ" ಅನ್ನುವ ಮಾತು ಬಾಯಿಗೆ ಬಂದಾಗೆಲ್ಲ ಅದು ಅವನಿಗಾಗಿಯೋ ನನಗಾಗಿಯೋ ಎಂದು ಒಮ್ಮೆ ಕೇಳಿಕೊಳ್ಳುತ್ತೇನೆ.

ಬಟ್ಟೆ ಒಗೆಯಲು ಹಾಕುವಾಗ ಅವನ ಜೇಬಿನಲ್ಲಿ ವರ್ಕ್‌ಶೀಟ್ ಸಿಕ್ಕಿತು. ಉತ್ತರದ ಜಾಗವೆಲ್ಲ ಖಾಲಿ. ಹಿಂಬದಿಯಲ್ಲಿ ಕೆಲ್ಪ್ ಗಿಡದ ಚಿತ್ರ. ಒಂದೊಂದು ಎಲೆಯ ಬುಡದಲ್ಲೂ ಒಂದೊಂದು ಬಲೂನ್.