ರಾಷ್ಟ್ರಪತಿ ಅಭ್ಯರ್ಥಿಗೂ ಒಂದು ಸಂದರ್ಶನ ಬೇಡವೇ?

ಗ್ರಾಮ ಪಂಚಾಯಿತಿಯ ಒಂದು ಹುದ್ದೆಗೆ ಅರ್ಜಿ ಹಾಕಬೇಕಾದರೂ ನಾವು ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಕನ್ನಡ ಮಾಧ್ಯಮದ ಪ್ರಮಾಣಪತ್ರ ಎಲ್ಲವನ್ನೂ ಜೋಡಿಸಿಕೊಂಡು ಸಾಲಿನಲ್ಲಿ ನಿಲ್ಲುತ್ತೇವೆ. ಒಂದು ದಾಖಲೆಯಲ್ಲಿ ಹೆಸರಿನ ಅಕ್ಷರ ಹೆಚ್ಚುಕಡಿಮೆಯಾದರೆ ವಾಪಸ್ ಕಳಿಸುತ್ತಾರೆ. 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಹಗರಣ ಬಯಲಾದ ಮೇಲಂತೂ ಒಬ್ಬೊಬ್ಬ ಅಭ್ಯರ್ಥಿಯ ಉತ್ತರ ಪತ್ರಿಕೆಯ ಮೇಲೂ ಇಡೀ ರಾಜ್ಯದ ಕಣ್ಣು ಬಿತ್ತು. ಅದು ಸರಿಯೇ. ಆದರೆ ದೇಶದ ಅತ್ಯುನ್ನತ ಹುದ್ದೆಗೆ 2022ರ ಜುಲೈ 18ರಂದು ಮತದಾನ ನಡೆದಾಗ, ಅಲ್ಲಿ ಅರ್ಜಿ ಹಾಕಿದವರ ಕೆಲಸದ ದಾಖಲೆಯನ್ನು ಬಿಡಿಸಿ ನೋಡಿದವರೇ ಕಡಿಮೆ.

ನಮ್ಮ ಉಡಿಗಾಲದಲ್ಲಿ ಹಿರಿಯರನ್ನು ಕೇಳಿದರೂ, ಚಾಮರಾಜನಗರಕ್ಕೆ ಕಾಲೇಜಿಗೆಂದು ಬಸ್ಸು ಹತ್ತುವ ಗೆಳೆಯರನ್ನು ಕೇಳಿದರೂ ಆಗ ಬರುತ್ತಿದ್ದ ಮಾತು ಒಂದೇ: ‘ಈ ಸಲ ಆದಿವಾಸಿ ಹೆಣ್ಣುಮಗಳು ರಾಷ್ಟ್ರಪತಿ ಆಗ್ತಾರಂತೆ, ಒಳ್ಳೇದೇ.’ ನನಗೂ ಒಳ್ಳೆಯದೆಂದೇ ಅನಿಸುತ್ತದೆ. ಸೋಲಿಗರು, ಜೇನು ಕುರುಬರು, ಬೆಟ್ಟ ಕುರುಬರು ಬಾಳುವ ಜಿಲ್ಲೆ ನಮ್ಮದು. ನಮಗೆ ಈ ಸುದ್ದಿ ದೂರದ ದೆಹಲಿಯದ್ದಲ್ಲ. ಆದರೆ ಚರ್ಚೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ದ್ರೌಪದಿ ಮುರ್ಮು ಯಾವ ಸಮುದಾಯದವರು ಎಂಬುದು ಎಲ್ಲರಿಗೂ ಗೊತ್ತಿತ್ತು. ಅದಕ್ಕೂ ಮುಂಚೆ ಅಧಿಕಾರದಲ್ಲಿದ್ದಾಗ ಅವರು ಏನು ಮಾಡಿದರು ಎಂಬುದು ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ಮೊದಲು ಅವರ ಬಯೋಡೇಟಾ ನೋಡೋಣ. ಹುಟ್ಟಿದ್ದು 1958ರಲ್ಲಿ, ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಉಪರ್‌ಬೇಡ ಎಂಬ ಹಳ್ಳಿಯಲ್ಲಿ, ಸಂತಾಲ ಸಮುದಾಯದಲ್ಲಿ. ಭುವನೇಶ್ವರದಲ್ಲಿ ಪದವಿ ಓದಿ, ನೀರಾವರಿ ಇಲಾಖೆಯಲ್ಲಿ ಕಿರಿಯ ಸಹಾಯಕಿಯಾದರು. ಆಮೇಲೆ ರಾಯರಂಗಪುರದಲ್ಲಿ ಶಿಕ್ಷಕಿ. 1997ರಲ್ಲಿ ಅಲ್ಲಿನ ನಗರ ಪಂಚಾಯಿತಿ ಸದಸ್ಯೆ. 2000ದಿಂದ 2009ರವರೆಗೆ ಶಾಸಕಿ. ಅದರಲ್ಲಿ ನಾಲ್ಕು ವರ್ಷ ಬಿಜೆಡಿ–ಬಿಜೆಪಿ ಸರ್ಕಾರದಲ್ಲಿ ಸಚಿವೆ. 2007ರಲ್ಲಿ ಒಡಿಶಾ ವಿಧಾನಸಭೆಯ ಉತ್ತಮ ಶಾಸಕಿ ಪ್ರಶಸ್ತಿ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ನೋವಿನ ನಡುವೆಯೂ ಅವರು ಸಾರ್ವಜನಿಕ ಜೀವನ ಬಿಡಲಿಲ್ಲ. ಗುಮಾಸ್ತೆಯ ಕುರ್ಚಿಯಿಂದ ರಾಷ್ಟ್ರಪತಿ ಭವನದ ಬಾಗಿಲವರೆಗಿನ ಈ ನಡಿಗೆಯನ್ನು ಕಂಡು ಹಗುರವಾಗಿ ಮಾತನಾಡುವವರ ಬಗ್ಗೆ ನನಗೆ ಗೌರವವಿಲ್ಲ.

ಆದರೆ ರಾಷ್ಟ್ರಪತಿ ಹುದ್ದೆಗೆ ಅತ್ಯಂತ ಹತ್ತಿರದ ಅನುಭವ ಅವರಿಗೆ ಸಿಕ್ಕಿದ್ದು 2015ರಿಂದ 2021ರವರೆಗೆ, ಜಾರ್ಖಂಡ್ ರಾಜ್ಯಪಾಲರಾಗಿದ್ದಾಗ. ಎರಡೂ ಹುದ್ದೆಗಳ ಮುಖ್ಯ ಕೆಲಸ ಒಂದೇ ಬಗೆಯದು. ಸರ್ಕಾರ ಕಡತ ಕಳಿಸುತ್ತದೆ. ಸಹಿ ಹಾಕಬೇಕೇ, ಪ್ರಶ್ನೆ ಕೇಳಿ ವಾಪಸ್ ಕಳಿಸಬೇಕೇ ಎಂದು ತೀರ್ಮಾನಿಸಬೇಕು. ಹಾಗಾಗಿ ಮುರ್ಮು ಅವರನ್ನು ಅಳೆಯುವ ಸರಿಯಾದ ಅಳತೆಗೋಲು ಆ ಆರು ವರ್ಷಗಳು.

ಅಲ್ಲಿ ಅವರ ಪರವಾಗಿ ಹೇಳಬಹುದಾದ ದೊಡ್ಡ ಸಂಗತಿಯೊಂದಿದೆ. ಬ್ರಿಟಿಷರ ಕಾಲದ 1908ರ ಛೋಟಾನಾಗಪುರ ಗೇಣಿ ಕಾಯ್ದೆ ಮತ್ತು 1949ರ ಸಂತಾಲ ಪರಗಣ ಗೇಣಿ ಕಾಯ್ದೆಗಳು ಆದಿವಾಸಿಗಳ ಜಮೀನು ಬೇರೆಯವರ ಪಾಲಾಗದಂತೆ ತಡೆಯುವ ಬೇಲಿಗಳು. 2016ರಲ್ಲಿ ರಘುವರ ದಾಸ್ ನೇತೃತ್ವದ ಬಿಜೆಪಿ ಸರ್ಕಾರ ಇವಕ್ಕೆ ತಿದ್ದುಪಡಿ ತಂದು, ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ದಾರಿ ಮಾಡಿತು. ಆದಿವಾಸಿ ಸಂಘಟನೆಗಳು ಬೀದಿಗಿಳಿದವು. 2017ರಲ್ಲಿ ರಾಜ್ಯಪಾಲರಾಗಿದ್ದ ಮುರ್ಮು ಆ ಮಸೂದೆಗಳನ್ನು ಸಹಿ ಹಾಕದೆ ವಾಪಸ್ ಕಳಿಸಿದರು. ತಾನು ಬಂದ ಪಕ್ಷದ್ದೇ ಸರ್ಕಾರ, ಕೇಂದ್ರದಲ್ಲೂ ಅದೇ ಪಕ್ಷ. ಆದರೂ ವಾಪಸ್ ಕಳಿಸಿದರು. ಸರ್ಕಾರ ಕೊನೆಗೆ ಆ ತಿದ್ದುಪಡಿಗಳನ್ನು ಕೈಬಿಟ್ಟಿತು. ಅವರನ್ನು ‘ರಬ್ಬರ್ ಸ್ಟಾಂಪ್’ ಎಂದು ಕರೆಯುವವರು ಈ ಒಂದು ಕಡತವನ್ನು ಮರೆಯಬಾರದು.

ಹಾಗೆಯೇ ಅವರನ್ನು ಹೊಗಳುವವರು ಉಳಿದ ಕಡತಗಳನ್ನೂ ಮರೆಯಬಾರದು. ಅದೇ 2017ರಲ್ಲಿ ಜಾರ್ಖಂಡ್ ವಿಧಾನಸಭೆ ಭೂಸ್ವಾಧೀನ ಕಾಯ್ದೆಗೆ ಇನ್ನೊಂದು ತಿದ್ದುಪಡಿ ಮಾಡಿ, ಶಾಲೆ, ಆಸ್ಪತ್ರೆ, ರಸ್ತೆಯಂತಹ ಯೋಜನೆಗಳಿಗೆ ಸಾಮಾಜಿಕ ಪರಿಣಾಮ ಅಧ್ಯಯನದ ಅಗತ್ಯವನ್ನೇ ತೆಗೆದುಹಾಕಿತು. ಮುಂಚಿನ ಮಸೂದೆಯಂತೆ ಇದು ರಾಜಭವನದಿಂದ ಹಿಂದಕ್ಕೆ ಹೋಗಲಿಲ್ಲ. ದೆಹಲಿಗೆ ಹೋಗಿ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಭೂಮಿಯ ಪ್ರಶ್ನೆಯಲ್ಲಿ ಒಂದಕ್ಕೆ ಬೇಡ, ಇನ್ನೊಂದಕ್ಕೆ ತಡೆಯಿಲ್ಲ ಎಂದಾದರೆ ಅವರ ನಿಲುವು ಯಾವುದು?

ಮುಂದಿನದ್ದು ಪತ್ಥಲ್‌ಗಡಿ. ಖೂಂಟಿ ಜಿಲ್ಲೆಯ ಹಳ್ಳಿಗಳಲ್ಲಿ ಆದಿವಾಸಿಗಳು ಸಂವಿಧಾನದ ವಿಧಿಗಳನ್ನು ಕಲ್ಲಿನ ಮೇಲೆ ಕೆತ್ತಿ ಊರ ಬಾಗಿಲಲ್ಲಿ ನೆಟ್ಟರು. ಗ್ರಾಮಸಭೆಯೇ ದೊಡ್ಡದು ಎಂದರು. ಆ ಚಳವಳಿಯ ಎಲ್ಲ ವಾದಗಳೂ ಸರಿ ಎಂದು ನಾನು ಹೇಳುತ್ತಿಲ್ಲ. ಆದರೆ ಸರ್ಕಾರ ಅದಕ್ಕೆ ಉತ್ತರ ಕೊಟ್ಟಿದ್ದು ದೇಶದ್ರೋಹದ ಮೊಕದ್ದಮೆಗಳಿಂದ. ಹೆಸರಿಲ್ಲದ ಸಾವಿರಾರು ಜನರು ಆರೋಪಿಗಳಾದರು. 2019ರ ಕೊನೆಗೆ ಬಂದ ಹೇಮಂತ್ ಸೊರೆನ್ ಸರ್ಕಾರ ಆ ಮೊಕದ್ದಮೆಗಳನ್ನು ಹಿಂಪಡೆಯಲು ತೀರ್ಮಾನಿಸಿತು. ಜಾರ್ಖಂಡಿನ ಈ ಭಾಗ ಸಂವಿಧಾನದ ಐದನೇ ಅನುಸೂಚಿಯೊಳಗೆ ಬರುತ್ತದೆ. ಅಲ್ಲಿ ರಾಜ್ಯಪಾಲರಿಗೆ ವಿಶೇಷ ಅಧಿಕಾರವಿದೆ: ಒಂದು ಕಾಯ್ದೆ ಈ ಪ್ರದೇಶಕ್ಕೆ ಅನ್ವಯಿಸದು ಎಂದು ಆದೇಶಿಸಬಹುದು, ಪ್ರದೇಶದ ಆಡಳಿತದ ಬಗ್ಗೆ ರಾಷ್ಟ್ರಪತಿಗೆ ವರದಿ ಕಳಿಸಬೇಕು. ಆ ವರ್ಷಗಳ ವರದಿಗಳಲ್ಲಿ ಮುರ್ಮು ಈ ಮೊಕದ್ದಮೆಗಳ ಬಗ್ಗೆ ಏನು ಬರೆದರು? ಮತ ಕೇಳುವವರನ್ನು ಈ ಪ್ರಶ್ನೆ ಕೇಳುವುದು ಅಗೌರವವಲ್ಲ.

ಇದೆಲ್ಲ ನಮ್ಮ ಜಿಲ್ಲೆಗೆ ಯಾಕೆ ಬೇಕು ಎನ್ನುತ್ತೀರಾ? ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶ ಒಂದೂ ಇಲ್ಲ. ನಮ್ಮ ಸೋಲಿಗರಿಗೆ ಇರುವ ದೊಡ್ಡ ಆಸರೆ 2006ರ ಅರಣ್ಯ ಹಕ್ಕು ಕಾಯ್ದೆ ಒಂದೇ. ಬಿಳಿಗಿರಿರಂಗನಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಅಲ್ಲಿನ ಪೋಡುಗಳ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿದ್ದು ದೇಶವೇ ತಿರುಗಿ ನೋಡಿದ ಸಂಗತಿ. ಜೇನು, ನೆಲ್ಲಿಕಾಯಿ ಸಂಗ್ರಹಿಸುವ ಹಕ್ಕಿನ ಹಿಂದೆ ಇರುವುದು ಗ್ರಾಮಸಭೆಯ ಮಾತಿಗೆ ಕಾನೂನು ಕೊಟ್ಟ ಬೆಲೆ.

ಮುರ್ಮು ನಾಮಪತ್ರ ಸಲ್ಲಿಸಿದ್ದು 2022ರ ಜೂನ್ 24ರಂದು. ನಾಲ್ಕೇ ದಿನಕ್ಕೆ, ಜೂನ್ 28ರಂದು ಕೇಂದ್ರ ಪರಿಸರ ಸಚಿವಾಲಯ ಹೊಸ ಅರಣ್ಯ ಸಂರಕ್ಷಣಾ ನಿಯಮಗಳನ್ನು ಹೊರಡಿಸಿತು. ಮೊದಲು ಅರಣ್ಯ ಭೂಮಿಯನ್ನು ಗಣಿಗೋ ಕಾರ್ಖಾನೆಗೋ ಕೊಡಲು ಕೇಂದ್ರ ಅಂತಿಮ ಒಪ್ಪಿಗೆ ನೀಡುವ ಮುಂಚೆ ಅರಣ್ಯ ಹಕ್ಕುಗಳು ಇತ್ಯರ್ಥವಾಗಿ, ಗ್ರಾಮಸಭೆ ಒಪ್ಪಿರಬೇಕಿತ್ತು. ಆ ಹೊಸ ನಿಯಮದಲ್ಲಿ ಕೇಂದ್ರ ಮೊದಲು ಒಪ್ಪಿಗೆ ಕೊಡಬಹುದಿತ್ತು. ಹಕ್ಕುಗಳನ್ನು ಪಾಲಿಸುವ ಹೊಣೆ ಆಮೇಲೆ ರಾಜ್ಯದ್ದಾಗಿತ್ತು. ದೆಹಲಿ ‘ಹೂಂ’ ಎಂದ ಮೇಲೆ ಒಂದು ಪೋಡಿನ ಗ್ರಾಮಸಭೆ ‘ಊಹೂಂ’ ಎಂದರೆ ಕೇಳುವವರು ಯಾರು? ಆದಿವಾಸಿ ಅಭ್ಯರ್ಥಿಯನ್ನು ನಿಲ್ಲಿಸಿದ ಸರ್ಕಾರವೇ ಅದೇ ವಾರ ಆದಿವಾಸಿಗಳ ಗ್ರಾಮಸಭೆಯ ಮಾತನ್ನು ಹಿಂದಕ್ಕೆ ಸರಿಸಿತು. ಈ ಬಗ್ಗೆ ಅಭ್ಯರ್ಥಿ ಒಂದು ಮಾತು ಆಡಿದ್ದನ್ನು ನಾನು ಆಗ ಯಾವ ಪತ್ರಿಕೆಯಲ್ಲೂ ಓದಲಿಲ್ಲ.

ಇನ್ನೊಂದು ಪ್ರಶ್ನೆ ನಮ್ಮಂತೆ ಕೆಲಸ ಹುಡುಕುತ್ತಿರುವವರದ್ದು. 2022ರ ಜುಲೈನಲ್ಲಿ ಬೆಟ್ಟ ಕುರುಬರ ಹೆಸರು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಇನ್ನೂ ಇರಲಿಲ್ಲ. ಆಗ ಪಟ್ಟಿಯಲ್ಲಿದ್ದದ್ದು ‘ಕಾಡು ಕುರುಬ’ ಎಂಬ ಹೆಸರು. ಎರಡೂ ಒಂದೇ ಎಂದು ಸೇರಿಸಿ ಎಂಬ ಬೇಡಿಕೆ ಬಹಳ ಹಳೆಯದಾಗಿತ್ತು. ಒಂದು ಹೆಸರಿನ ವ್ಯತ್ಯಾಸಕ್ಕೆ ಪ್ರಮಾಣಪತ್ರ ಸಿಗದೆ ಮೀಸಲಾತಿಯ ಹುದ್ದೆಗಳು ಕೈತಪ್ಪುತ್ತಿದ್ದವು. ಪಟ್ಟಿ ಬದಲಿಸುವುದು ಸಂಸತ್ತಿನ ಕೆಲಸ, ನಿಜ. ಆದರೆ ಆದಿವಾಸಿ ರಾಷ್ಟ್ರಪತಿ ಬಂದರೆ ಆದಿವಾಸಿಗಳಿಗೆ ಒಳಿತಾಗುತ್ತದೆ ಎನ್ನುವವರು ಇಂತಹ ಒಂದು ಕೆಲಸವನ್ನಾದರೂ ಹೆಸರಿಸಿ ಹೇಳಬೇಕಿತ್ತಲ್ಲವೇ?

ಹಾಗಾದರೆ ವಿರೋಧ ಪಕ್ಷಗಳ ಅಭ್ಯರ್ಥಿಯಾಗಿದ್ದ ಯಶವಂತ ಸಿನ್ಹಾ ವಾಸಿಯಾಗಿದ್ದರೇ? ಅವರ ಕಡತವನ್ನೂ ತೆರೆಯಬೇಕು. 1960ರ ತಂಡದ ಐಎಎಸ್ ಅಧಿಕಾರಿ, ಚಂದ್ರಶೇಖರ್ ಮತ್ತು ವಾಜಪೇಯಿ ಸರ್ಕಾರಗಳಲ್ಲಿ ಹಣಕಾಸು ಸಚಿವ, ಆಮೇಲೆ ವಿದೇಶಾಂಗ ಸಚಿವ. ಅನುಭವಕ್ಕೆ ಕೊರತೆಯಿಲ್ಲ. ತಾನು ಮೌನವಾಗಿ ಸಹಿ ಹಾಕುವ ರಾಷ್ಟ್ರಪತಿ ಆಗುವುದಿಲ್ಲ ಎಂದು ಹೋದಲ್ಲೆಲ್ಲ ಹೇಳುತ್ತಿದ್ದರು. ಆದರೆ 1998ರಲ್ಲಿ ಬಿಹಾರದ ರಾಬ್ಡಿ ದೇವಿ ಸರ್ಕಾರವನ್ನು ವಜಾ ಮಾಡಲು ವಾಜಪೇಯಿ ಸಂಪುಟ ಶಿಫಾರಸು ಕಳಿಸಿದಾಗ, ಅದನ್ನು ವಾಪಸ್ ಕಳಿಸಿದವರು ರಾಷ್ಟ್ರಪತಿ ಕೆ.ಆರ್. ನಾರಾಯಣನ್. ಆ ಸಂಪುಟದಲ್ಲಿ ಸಿನ್ಹಾ ಇದ್ದರು. ಕುರ್ಚಿ ಬದಲಾದಾಗ ಮಾತೂ ಬದಲಾಗುತ್ತದೆಯೇ ಎಂದು ಅವರನ್ನೂ ಕೇಳಬೇಕಿತ್ತು.

ರಾಷ್ಟ್ರಪತಿ ಏನೂ ಮಾಡಲಾಗದ ಹುದ್ದೆ, ಯಾರು ಬಂದರೇನು ಎನ್ನುವ ಗೆಳೆಯರಿಗೆ ಕನ್ನಡ ನಾಡಿನದ್ದೇ ಉತ್ತರವಿದೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಅವರಿಗೆ ಸದನದಲ್ಲಿ ಬಹುಮತ ಸಾಬೀತು ಮಾಡಲು ಅವಕಾಶವನ್ನೇ ಕೊಡದೆ ಅವರ ಸರ್ಕಾರವನ್ನು ವಜಾ ಮಾಡಲಾಯಿತು. ಅದಕ್ಕೆ ಬಿದ್ದದ್ದು ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಸಹಿ. ಆ ಕ್ರಮ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1994ರಲ್ಲಿ, ಐದು ವರ್ಷ ತಡವಾಗಿ. ಅದೇ 1997ರಲ್ಲಿ ಉತ್ತರ ಪ್ರದೇಶದ ಸರ್ಕಾರವನ್ನು ವಜಾ ಮಾಡುವ ಶಿಫಾರಸನ್ನು ನಾರಾಯಣನ್ ಮರುಪರಿಶೀಲನೆಗೆ ವಾಪಸ್ ಕಳಿಸಿದರು. ಆ ಸರ್ಕಾರ ಉಳಿಯಿತು. 2006ರಲ್ಲಿ ಅಬ್ದುಲ್ ಕಲಾಂ ಲಾಭದಾಯಕ ಹುದ್ದೆ ಮಸೂದೆಯನ್ನು ಸಂಸತ್ತಿಗೆ ಹಿಂದಿರುಗಿಸಿದರು. ಸಂಸತ್ತು ಮತ್ತೆ ಅಂಗೀಕರಿಸಿದರೆ ಸಹಿ ಹಾಕಲೇಬೇಕು. ಆದರೆ ಒಂದು ಸಲ ವಾಪಸ್ ಕಳಿಸುವ ಆ ಅಧಿಕಾರವೇ ಸರ್ಕಾರವನ್ನು ನಿಂತು ಯೋಚಿಸುವಂತೆ ಮಾಡುತ್ತದೆ, ದೇಶದಲ್ಲಿ ಚರ್ಚೆ ಎಬ್ಬಿಸುತ್ತದೆ.

ಈ ಚುನಾವಣೆಯಲ್ಲಿ ನಮಗೆ ಮತವಿಲ್ಲ. ನಮ್ಮ ಶಾಸಕರಿಗಿದೆ. 1971ರ ಜನಗಣತಿಯ ಲೆಕ್ಕದಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131. 2022ರಲ್ಲಿ ಶಾಸಕರಾಗಿದ್ದ ಚಾಮರಾಜನಗರದ ಪುಟ್ಟರಂಗಶೆಟ್ಟಿ, ಗುಂಡ್ಲುಪೇಟೆಯ ನಿರಂಜನಕುಮಾರ್, ಕೊಳ್ಳೇಗಾಲದ ಎನ್. ಮಹೇಶ್, ಹನೂರಿನ ನರೇಂದ್ರ ನಾಲ್ವರನ್ನು ಕೂಡಿಸಿದರೂ 524. ಆಗಿನ ಒಬ್ಬ ಸಂಸದರ 700ಕ್ಕಿಂತ ಕಡಿಮೆ. ಸಂಖ್ಯೆಯ ಬಲ ನೋಡಿದರೆ ಮುರ್ಮು ಗೆಲುವು ಬಹುತೇಕ ಖಚಿತವಾಗಿತ್ತು. ಆದರೂ ಈ ಚುನಾವಣೆಯಲ್ಲಿ ಪಕ್ಷದ ವಿಪ್ ಇಲ್ಲ, ಮತ ಗುಪ್ತವಾಗಿರುತ್ತದೆ. ಯಾರಿಗೆ ಹಾಕಿದರೂ ಯಾಕೆ ಎಂದು ನಾವು ಕೇಳಬಹುದು. ‘ಪಕ್ಷ ಹೇಳಿತು’ ಎಂಬುದು ಉತ್ತರವಾಗಬಾರದು.

ಅದಕ್ಕೇ ಆಗ ನನ್ನದೊಂದು ಸಲಹೆ ಇತ್ತು. ಪರೀಕ್ಷೆಗೆಂದು ಸಂವಿಧಾನದ 74ನೇ ಮತ್ತು 111ನೇ ವಿಧಿಗಳನ್ನು ಬಾಯಿಪಾಠ ಮಾಡುವ ನಾವು ಮತದಾನಕ್ಕೆ ಮುಂಚೆ ನಮ್ಮ ನಮ್ಮ ಶಾಸಕರಿಗೆ ಒಂದು ಪುಟದ ಪತ್ರ ಬರೆಯಬೇಕು. ಹೊಸ ಅರಣ್ಯ ನಿಯಮದ ಬಗ್ಗೆ ನಿಮ್ಮ ಅಭ್ಯರ್ಥಿಯ ನಿಲುವೇನು, ಗ್ರಾಮಸಭೆಯನ್ನು ಬದಿಗಿಡುವ ಮಸೂದೆ ಬಂದರೆ 2017ರಲ್ಲಿ ಮಾಡಿದಂತೆ ವಾಪಸ್ ಕಳಿಸುತ್ತಾರೆಯೇ ಎಂದು ಕೇಳಬೇಕು ಎಂಬುದು ಆ ಸಲಹೆ. ಮುರ್ಮು ಗೆದ್ದಿದ್ದಕ್ಕೆ ನನಗೂ ಸಂತೋಷವಿದೆ. ಬೆಟ್ಟದ ಪೋಡಿನ ಹುಡುಗಿಯೊಬ್ಬಳು ಶಾಲೆಯ ಗೋಡೆಯ ಮೇಲೆ ಆ ಭಾವಚಿತ್ರ ನೋಡಿ ಹೆಮ್ಮೆಪಡುವುದು ಸಣ್ಣ ಸಂಗತಿಯಲ್ಲ. ಅವಳು ದೊಡ್ಡವಳಾಗಿ ತನ್ನ ಪೋಡಿನ ಗ್ರಾಮಸಭೆಯಲ್ಲಿ ಕೈ ಎತ್ತಿದಾಗ ಆ ಕೈಗೆ ಬೆಲೆ ಇರುವಂತೆ ಕಾಯುವ ರಾಷ್ಟ್ರಪತಿಯೂ ಅವರೇ ಆಗಲಿ ಎಂಬುದಷ್ಟೇ ನನ್ನ ಕೇಳಿಕೆ.