ಸಂದರ್ಶನಕ್ಕೆ ಹೊರಡುವ ಮುನ್ನ

'ಸಂದರ್ಶನ' ಎಂಬ ಪದಕ್ಕೆ ಚೆನ್ನಾಗಿ ಕಾಣುವುದು ಎಂಬ ಅರ್ಥವಿದೆ. ಆದರೆ ಶರಣಸಿರಸಗಿಯಂತಹ ಊರಿನಿಂದ ಕಲಬುರಗಿಗೆ ಬಂದು, ಅಲ್ಲಿಂದ ರೈಲು ಹಿಡಿದು ಬೆಂಗಳೂರಿಗೋ ಹೈದರಾಬಾದಿಗೋ ಹೊರಡುವ ನಮ್ಮ ಯುವಜನರಿಗೆ ಅದು ಕಾಣುವ ಸಂದರ್ಭವಾಗದೆ ಕಾಣಿಸಿಕೊಳ್ಳುವ ಭಯವಾಗಿ ಉಳಿದಿದೆ. ಲಿಖಿತ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದಿದ್ದವರೂ ಮೂವರು ಅಧಿಕಾರಿಗಳೆದುರು ಕುಳಿತೊಡನೆ ತಾವು ಓದಿದ ಕಾಲೇಜಿನ ಹೆಸರನ್ನೇ ತಡವರಿಸಿ ಹೇಳುವುದುಂಟು.

ಇದಕ್ಕೆ ಕಾರಣ ಬುದ್ಧಿಯ ಕೊರತೆಯಲ್ಲ. ಮನೆಯಲ್ಲಿ 'ದೊಡ್ಡವರೆದುರು ಮಾತಾಡಬೇಡ' ಎಂದು ಗದರಿಸುತ್ತೇವೆ; ಶಾಲೆಯಲ್ಲಿ ಬರೆಸಿದ್ದನ್ನು ಬಾಯಿಪಾಠ ಮಾಡಿಸುತ್ತೇವೆ. ಇಪ್ಪತ್ತು ವರ್ಷ ಕಲಿಸಿದ ಮೌನವನ್ನು ಮೂರು ದಿನದ ತರಬೇತಿ ಶಿಬಿರವು ಕಳೆಯಬೇಕೆಂದು ನಿರೀಕ್ಷಿಸುವುದು ಎಷ್ಟರಮಟ್ಟಿಗೆ ನ್ಯಾಯ?

ಸಂದರ್ಶನವು ಸದಾ ನ್ಯಾಯವಾಗಿಯೇ ನಡೆಯುತ್ತದೆಂದು ನಾನು ಹೇಳಲಾರೆ. ಮೈಸೂರು ರಾಜ್ಯದ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನ ನಡೆಸುವುದನ್ನು ಸುಪ್ರೀಂ ಕೋರ್ಟು 1964ರಲ್ಲಿ ಚಿತ್ರಲೇಖಾ ಪ್ರಕರಣದಲ್ಲಿ ಎತ್ತಿಹಿಡಿಯಿತು. ಆದರೆ 1980ರಲ್ಲಿ, ಶ್ರೀನಗರದ ಎಂಜಿನಿಯರಿಂಗ್ ಕಾಲೇಜೊಂದಕ್ಕೆ ಸಂಬಂಧಿಸಿದ ಅಜಯ್ ಹಾಸಿಯಾ ಪ್ರಕರಣದಲ್ಲಿ, ಒಟ್ಟು ಅಂಕಗಳ ಮೂರನೆಯ ಒಂದು ಭಾಗವನ್ನು ಸಂದರ್ಶನಕ್ಕೆ ಮೀಸಲಿಟ್ಟದ್ದು ಅತಿಯಾಯಿತೆಂದೂ, ಅಂತಹ ಪ್ರವೇಶಗಳಲ್ಲಿ ಅದು ಶೇ. 15ನ್ನು ಮೀರಬಾರದೆಂದೂ ಹೇಳಿತು. ಅಲ್ಲಿ ಅಭ್ಯರ್ಥಿಗಳಿಗೆ ದೊರೆತದ್ದು ಎರಡು ಮೂರು ನಿಮಿಷ. ಕೇಳಿದ್ದು ತಂದೆ ಯಾರು, ಊರು ಯಾವುದು ಎಂಬಂಥ ಪ್ರಶ್ನೆಗಳು! ಕೇಂದ್ರ ಸರ್ಕಾರವು 2016ರ ಜನವರಿಯಿಂದ ತನ್ನ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಅದು ಒಳ್ಳೆಯದೇ ಆಯಿತು. ಆದರೂ ನಾಗರಿಕ ಸೇವಾ ಪರೀಕ್ಷೆಯ 2025 ಅಂಕಗಳಲ್ಲಿ 275 ಇಂದಿಗೂ ಸಂದರ್ಶನದವು. ಖಾಸಗಿ ಶಾಲೆ, ಆಸ್ಪತ್ರೆ, ಕಂಪನಿಗಳಲ್ಲಂತೂ ಸಂದರ್ಶನವಿಲ್ಲದೆ ಬಾಗಿಲು ತೆರೆಯುವುದಿಲ್ಲ.

ಸಂವಿಧಾನದ 371ಜೆ ವಿಧಿಯನ್ವಯ 2013ರ ಆದೇಶದಂತೆ ನಮ್ಮ ಭಾಗದ ಸ್ಥಳೀಯ ವೃಂದದಲ್ಲಿ 'ಸಿ' ಗುಂಪಿನ ಶೇ. 80, 'ಡಿ' ಗುಂಪಿನ ಶೇ. 85 ಹುದ್ದೆಗಳು ಸ್ಥಳೀಯರಿಗೆ ಮೀಸಲಾಗಿವೆ. ಬಹುಕಾಲ ಹಿಂದುಳಿದ ನಾಡಿಗೆ ಇದು ಸಲ್ಲಬೇಕಾದುದೇ. ಆದರೆ ಅರ್ಹತಾ ಪ್ರಮಾಣಪತ್ರವನ್ನು ಪಡೆಯುವ ಓಡಾಟದಲ್ಲಿ ತೋರುವ ಶ್ರದ್ಧೆಯ ಕಾಲು ಭಾಗವನ್ನಾದರೂ ಮಾತಿನ ಸಿದ್ಧತೆಗೆ ಕೊಡಬೇಡವೇ?

ಸಿದ್ಧತೆಯೆಂದರೆ ಉತ್ತರಗಳನ್ನು ಉರು ಹೊಡೆಯುವುದಲ್ಲ. ತಾನು ಬರೆದುಕೊಟ್ಟ ಅರ್ಜಿಯ ಪ್ರತಿಯೊಂದು ಸಾಲಿಗೂ ಅಭ್ಯರ್ಥಿ ಹೊಣೆಗಾರ. ಹವ್ಯಾಸ 'ಓದು' ಎಂದು ಬರೆದವನು ಕಳೆದ ತಿಂಗಳು ಓದಿದ ಪುಸ್ತಕವನ್ನು ಹೆಸರಿಸಲಾರದಿದ್ದರೆ ಉಳಿದ ಸಾಲುಗಳನ್ನು ನಂಬುವವರಾರು? ಕಲಬುರಗಿಯವಳೆಂದ ಮೇಲೆ, 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ನಮ್ಮ ತೊಗರಿಯ ಬಗೆಗೆ, ಕಮಲಾಪುರದ ಕೆಂಪು ಬಾಳೆಯ ಬಗೆಗೆ, ರಾಷ್ಟ್ರಕೂಟರ ಮಳಖೇಡದ ಬಗೆಗೆ ನಾಲ್ಕು ಮಾತು ಬರಬೇಕು. ಹೊಲದಲ್ಲಿ ಕಳೆ ಕಿತ್ತವಳಿಗೆ ತೊಗರಿಯ ವಿಷಯವನ್ನು ಪುಸ್ತಕ ಹೇಳಿಕೊಡಬೇಕಾಗಿಲ್ಲ. ತನಗೆ ಗೊತ್ತಿರುವುದೂ ಜ್ಞಾನವೆಂಬ ಧೈರ್ಯ ಮಾತ್ರ ಬೇಕು. ಸಾಕ್ರೆಟಿಸನು ತನ್ನನ್ನು ಸೂಲಗಿತ್ತಿಗೆ ಹೋಲಿಸಿಕೊಂಡನೆಂದು ಪ್ಲೇಟೋ ಬರೆದಿದ್ದಾನೆ. ಒಳ್ಳೆಯ ಸಂದರ್ಶಕನೂ ಹಾಗೆಯೇ; ಒಳಗಿದ್ದುದನ್ನು ಹೊರತರುತ್ತಾನೆ, ಇಲ್ಲದ್ದನ್ನು ತುಂಬಲಾರ. ಆದುದರಿಂದ ತಿಳಿಯದಿದ್ದಾಗ 'ತಿಳಿಯದು' ಎಂದು ನೇರವಾಗಿ ಹೇಳುವುದು ಊಹೆಯ ಉತ್ತರಕ್ಕಿಂತ ಮೇಲು.

ನಮ್ಮ ಮಾತಿನ ಬಗೆಗೂ ಒಂದು ಮಾತು. ಉರ್ದು, ಮರಾಠಿ, ತೆಲುಗುಗಳ ನೆರೆಯಲ್ಲಿ ಬೆಳೆದ ಇಲ್ಲಿಯ ಕನ್ನಡವನ್ನು ಬೆಂಗಳೂರಿನಲ್ಲಿ ಕೆಲವರು ನಗೆಗೆ ಗುರಿಮಾಡುತ್ತಾರೆ. 'ಹೌದ್ರಿ' ಎಂಬುದರಲ್ಲಿ ಇರುವ ಮರ್ಯಾದೆಯನ್ನು ಅವರು ಅರಿಯರು. ಸ್ಪಷ್ಟತೆಯನ್ನು ಕಲಿಯೋಣ, ನಾಚಿಕೆ ಬೇಡ. ಹೆಣ್ಣುಮಕ್ಕಳಿಗೆ 'ಮದುವೆಯಾದ ಮೇಲೆ ಕೆಲಸ ಬಿಡುವಿರಾ' ಎಂಬ ಪ್ರಶ್ನೆ ಎದುರಾಗುವುದುಂಟು. ಗಂಡಸರಿಗೆ ಕೇಳದ ಪ್ರಶ್ನೆಯಿದು. ಕೆಲಸ ಮುಂದುವರಿಸುವ ಉದ್ದೇಶದಿಂದಲೇ ಬಂದಿದ್ದೇನೆಂದು ಶಾಂತವಾಗಿ ಹೇಳಿ, ಮಾತನ್ನು ಕೆಲಸದ ಕಡೆಗೆ ತಿರುಗಿಸಿದರೆ ಸಾಕು.

ತಂದೆತಾಯಿಗಳು ಮಾಡಬಾರದ ಸಿದ್ಧತೆಯೊಂದಿದೆ: ಹೊಲ ಮಾರಿ ದಲ್ಲಾಳಿಯ ಕೈಗೆ ಹಣವಿಡುವುದು. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯ ಅಕ್ರಮದಲ್ಲಿ ಕಲಬುರಗಿಯ ಕೇಂದ್ರವೊಂದರ ಹೆಸರೇ ಮೊದಲು ಕೇಳಿಬಂದಿತು. 2022ರ ಏಪ್ರಿಲಿನಲ್ಲಿ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ರಾತ್ರಿಯಿಡೀ ಓದಿ ಬರೆದವರ ವರ್ಷಗಳೂ ಆ ಹಣದೊಂದಿಗೇ ಕೊಚ್ಚಿಹೋದವು.

ಇನ್ನುಳಿದದ್ದು ಸಣ್ಣ ಸಂಗತಿಗಳು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಹಿಂದಿನ ದಿನವೇ ಊರು ತಲುಪಿ ಕಚೇರಿಯ ದಾರಿ ತಿಳಿದುಕೊಳ್ಳಬೇಕು. ಒಗೆದು ಇಸ್ತ್ರಿ ಮಾಡಿದ ಬಟ್ಟೆ ಸಾಕು. ಸಾಲ ಮಾಡಿ ಕೋಟು ಹೊಲಿಸಬೇಕಾಗಿಲ್ಲ.

ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ವಾರಕ್ಕೊಂದು ಸಂಜೆ ನಿವೃತ್ತ ಶಿಕ್ಷಕರೊಬ್ಬರು, ಬ್ಯಾಂಕಿನಲ್ಲಿ ದುಡಿದವರೊಬ್ಬರು, ಅಂಗನವಾಡಿ ಕಾರ್ಯಕರ್ತೆಯೊಬ್ಬರು ಅಲ್ಲಿ ಮೇಜಿನ ಆ ಬದಿಗೆ ಕುಳಿತು, ಊರಿನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಕಾಲು ಗಂಟೆ ಪ್ರಶ್ನೆ ಕೇಳಲಿ. ಉಳಿದವರು ಬಾಗಿಲ ಬಳಿ ನಿಂತು ನಗದಂತೆ ನೋಡಿಕೊಳ್ಳುವುದಷ್ಟೇ ಕಷ್ಟದ ಕೆಲಸ.