ಬೇಲೂರಿಗೆ ಹೆರಿಗೆ ಡಾಕ್ಟರು ಬೇಕಾದ್ರೆ, ಅವರು ಕಲಿಯೋದೂ ಅಲ್ಲೇ ಆಗಬೇಕು

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಇಡೀ ರಾಜ್ಯದ ಕಣ್ಣು ಒಂದು ಡ್ರಿಪ್ ಬಾಟಲಿಯ ಮೇಲೆ ನೆಟ್ಟಿತ್ತು. ಆ ದ್ರಾವಣದ ಬಗ್ಗೆ ಎದ್ದ ಸಿಟ್ಟು ನ್ಯಾಯವಾದದ್ದೇ. ಆದ್ರೆ ಅದರ ನಂತರ ನಡೆದ ಆಡಿಟ್ ಬೇರೆ ಕಥೆಯನ್ನೂ ಹೇಳಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳಲ್ಲಿ ಶೇ 70ಕ್ಕೂ ಹೆಚ್ಚನ್ನು ತಪ್ಪಿಸಬಹುದಿತ್ತಂತೆ. ಇಷ್ಟೊಂದು ಸಾವಿಗೆ ಒಂದು ಬಾಟಲಿ ಕಾರಣ ಆಗೋಕೆ ಸಾಧ್ಯ ಇಲ್ಲ. ಸರಿಯಾದ ಹೊತ್ತಿಗೆ ಸರಿಯಾದ ಕೈ ಇರಲಿಲ್ಲ ಅನ್ನೋದೇ ಇದರ ಅರ್ಥ.

ನೆರೆಯವರ ಜೊತೆ ಹೋಲಿಸಿ ನೋಡಿ. 2018-20ರ ಎಸ್‌ಆರ್‌ಎಸ್ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತರೆ, ತಮಿಳುನಾಡಿನಲ್ಲಿ 54, ಕೇರಳದಲ್ಲಿ 19. ಐಟಿ ರಾಜಧಾನಿ ಇರೋ ರಾಜ್ಯ, ದಕ್ಷಿಣದ ಸಾಲಿನಲ್ಲಿ ಕೊನೆಗೆ.

ಈಗ ಬೇಲೂರಿಗೆ ಬನ್ನಿ. ಹೊಯ್ಸಳ ದೇಗುಲಕ್ಕೆ 2023ರಲ್ಲಿ ಯುನೆಸ್ಕೊ ಪಟ್ಟ ಸಿಕ್ಕ ಊರು. ತಾಲ್ಲೂಕಿನ ಮಲೆನಾಡು ಕಡೆ, ಅರೇಹಳ್ಳಿ, ಬಿಕ್ಕೋಡು ಭಾಗದಲ್ಲಿ ಕಾಫಿ ತೋಟಗಳು, ಲೈನ್ ಮನೆಗಳಲ್ಲಿರೋ ಕೂಲಿ ಹೆಣ್ಣುಮಕ್ಕಳು. ರಾತ್ರಿ ಹೊತ್ತು ರಸ್ತೆಗೆ ಕಾಡಾನೆ ಬರೋದು ಅಲ್ಲಿ ಸುದ್ದಿಯೇ ಅಲ್ಲ. ಅಂಥ ಕಡೆಯಿಂದ ಹೆರಿಗೆ ನೋವು ಬಂದವಳು ಬೇಲೂರಿನ ಆಸ್ಪತ್ರೆ ತಲುಪಿ, ಅಲ್ಲಿಂದ ‘ಹಾಸನಕ್ಕೆ ಕರ್ಕೊಂಡು ಹೋಗಿ’ ಅಂದ್ರೆ ಇನ್ನೂ ಸುಮಾರು 40 ಕಿಲೋಮೀಟರ್. ಹೆರಿಗೆ ನಂತರದ ತೀವ್ರ ರಕ್ತಸ್ರಾವ ನಿಲ್ಲಿಸದಿದ್ದರೆ ಎರಡೇ ಗಂಟೆಯಲ್ಲಿ ಜೀವ ಹೋಗಬಹುದು. ನಮ್ಮ ತಾಲ್ಲೂಕುಗಳ ಡಿಕ್ಷನರಿಯಲ್ಲಿ ‘ರೆಫರ್’ ಅನ್ನೋ ಪದಕ್ಕೆ ಇರೋ ಭಾರ ಇದು.

ರೆಫರ್ ಮಾಡೋ ಡಾಕ್ಟರನ್ನ ಬೈಯೋದು ಸುಲಭ. ಆದ್ರೆ ಒಂದು ಸಿಸೇರಿಯನ್‌ಗೆ ಸ್ತ್ರೀರೋಗ ತಜ್ಞರು ಬೇಕು, ಅರಿವಳಿಕೆ ತಜ್ಞರು ಬೇಕು, ಮಗುವನ್ನ ನೋಡ್ಕೊಳ್ಳೋಕೆ ಮಕ್ಕಳ ತಜ್ಞರು ಬೇಕು, ರಕ್ತ ಬೇಕು. ಇದರಲ್ಲಿ ಒಂದು ಕೊಂಡಿ ತಪ್ಪಿದ್ರೂ ಉಳಿದವರು ಕೈ ಕಟ್ಟಿ ಕೂರಬೇಕು. ರಾಜ್ಯ ಸರ್ಕಾರ 2025ರಲ್ಲಿ ಇದನ್ನ ಒಪ್ಪಿಕೊಂಡಿತು. ಹೆರಿಗೆ ಕಡಿಮೆ ಇರೋ ಸಮುದಾಯ ಆರೋಗ್ಯ ಕೇಂದ್ರಗಳ ತಜ್ಞರನ್ನ ತಾಲ್ಲೂಕು ಆಸ್ಪತ್ರೆಗೆ ತಂದು, ಮೂರೂ ವಿಭಾಗದಲ್ಲಿ ಇಬ್ಬಿಬ್ಬರನ್ನ ಇಟ್ಟು, ದಿನದ 24 ಗಂಟೆ ಸೇವೆ ಕೊಡೋ ಯೋಜನೆ. ನನ್ನ ಮಟ್ಟಿಗೆ ಇದು ಸರಿಯಾದ ದಿಕ್ಕು. ಆದ್ರೆ ಇದು ಇರೋ ತಜ್ಞರನ್ನ ಅಲ್ಲಿಂದಿಲ್ಲಿಗೆ ಸರಿಸೋ ಲೆಕ್ಕ. ಹೊಸ ತಜ್ಞರು ಎಲ್ಲಿ ತಯಾರಾಗ್ತಿದ್ದಾರೆ, ಏನು ಕಲಿತು ಬರ್ತಿದ್ದಾರೆ ಅನ್ನೋ ಪ್ರಶ್ನೆಯನ್ನ ಅದು ಮುಟ್ಟೋದಿಲ್ಲ.

ಪಿಜಿ ಡಾಕ್ಟರೊಬ್ಬರು ಮೂರು ವರ್ಷ ಕಲಿಯೋದು ದೊಡ್ಡ ಬೋಧನಾ ಆಸ್ಪತ್ರೆಯಲ್ಲಿ. ಅಲ್ಲಿ ಅರಿವಳಿಕೆಯವರು ಪಕ್ಕದಲ್ಲೇ, ರಕ್ತನಿಧಿ ಕೈಗೆಟುಕೋ ದೂರದಲ್ಲಿ, ಮೇಲಿನವರು ಒಂದು ಫೋನ್ ಕರೆಯಲ್ಲಿ. ತಾಲ್ಲೂಕಿಗೆ ಬಂದಾಗ ರಾತ್ರಿ ಎರಡು ಗಂಟೆಗೆ ಇಬ್ಬರು ನರ್ಸುಗಳ ಜೊತೆ ಒಬ್ಬರೇ ನಿರ್ಧಾರ ತಗೋಬೇಕು. ಆ ನಿರ್ಧಾರವನ್ನ ಅವರಿಗೆ ಯಾರೂ ಕಲಿಸಿಲ್ಲ. ಆಂಬುಲೆನ್ಸ್ ಕರೆಯೋದು ಅಂಜುಬುರುಕತನ ಅಲ್ಲ, ಅವರು ಪಡೆದ ತರಬೇತಿಯ ಫಲ.

ಇದಕ್ಕೆ ಪರಿಹಾರ ಅಂತಲೇ 2020ರಲ್ಲಿ ‘ಜಿಲ್ಲಾ ರೆಸಿಡೆನ್ಸಿ’ ನಿಯಮ ಬಂತು. ಎಂಡಿ, ಎಂಎಸ್ ಓದೋ ಪ್ರತಿಯೊಬ್ಬರೂ ಮೂರು ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡಲೇಬೇಕು. ಕಾಗದದ ಮೇಲೆ ಚೆಂದ. ಆದ್ರೆ ಹಾಸನದಲ್ಲಿ ಜಿಲ್ಲಾಸ್ಪತ್ರೆ ಅಂದ್ರೆ ಯಾವುದು? 2006ರಲ್ಲಿ ಶುರುವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯೇ ಅದು. ಜಿಲ್ಲೆಗೊಂದು ಮೆಡಿಕಲ್ ಕಾಲೇಜು ಅನ್ನೋ ಭರಾಟೆಯಲ್ಲಿ ಇಂಥ ಜಿಲ್ಲೆಗಳು ಹೆಚ್ಚಾಗಿವೆ. ಅಲ್ಲಿಗೆ ಹೋದ ಪಿಜಿ, ಒಂದು ಕಾಲೇಜಿಂದ ಇನ್ನೊಂದು ಕಾಲೇಜಿಗೆ ಹೋದ ಹಾಗೆ. ನಿಯಮ ಪಾಲನೆ ಆಯ್ತು, ಕಲಿಕೆ ಆಗಲಿಲ್ಲ.

ಸ್ವಾರಸ್ಯ ಏನಂದ್ರೆ, 2023ರ ಪಿಜಿ ನಿಯಮಾವಳಿ 50 ಹಾಸಿಗೆಯ ಸರ್ಕಾರಿ ಆಸ್ಪತ್ರೆಯನ್ನೂ ಈ ತರಬೇತಿಗೆ ಒಪ್ಪುತ್ತೆ. ನಮ್ಮ ತಾಲ್ಲೂಕು ಆಸ್ಪತ್ರೆಗಳು ಸಾಮಾನ್ಯವಾಗಿ 100 ಹಾಸಿಗೆಯವು. ಅಂದ್ರೆ ಬೇಲೂರು, ಅರಸೀಕೆರೆಗೆ ಪಿಜಿಗಳನ್ನ ಕಳಿಸೋಕೆ ನಿಯಮ ಅಡ್ಡಿ ಇಲ್ಲ. ಇನ್ನೊಂದು ಬಾಗಿಲೂ ಇದೆ. ಹಳೆಯ ಡಿಜಿಒ, ಡಿಸಿಎಚ್ ಡಿಪ್ಲೊಮಾ ಸೀಟುಗಳನ್ನ ಡಿಗ್ರಿಗೆ ಬದಲಾಯಿಸಿದ ಮೇಲೆ, ಸಣ್ಣ ಊರುಗಳಿಗೆ ಬರ್ತಿದ್ದ ಎರಡು ವರ್ಷದ ತಜ್ಞರ ದಾರಿ ಮುಚ್ಚಿಹೋಗಿತ್ತು. ಆಮೇಲೆ ರಾಷ್ಟ್ರೀಯ ಪರೀಕ್ಷಾ ಮಂಡಳಿ ಸ್ತ್ರೀರೋಗ, ಮಕ್ಕಳ ಚಿಕಿತ್ಸೆ, ಅರಿವಳಿಕೆ ಸೇರಿ ಎಂಟು ವಿಷಯಗಳಲ್ಲಿ ಎರಡು ವರ್ಷದ ಡಿಪ್ಲೊಮಾವನ್ನ ಮತ್ತೆ ತೆರೆಯಿತು, ಅದೂ 100 ಹಾಸಿಗೆಯ ಆಸ್ಪತ್ರೆಗಳಲ್ಲಿ. ನಮಗೆ ಬೇಕಾದ ಮೂರೂ ವಿಭಾಗ ಅದರಲ್ಲಿವೆ!

ಆದ್ರೆ ಇಲ್ಲೊಂದು ಗುಂಡಿ ಇದೆ. ಪಿಜಿಯನ್ನ ಖಾಲಿ ಹುದ್ದೆ ತುಂಬೋ ಅಗ್ಗದ ಕೈಯಾಗಿ ನೋಡೋ ಚಟ ನಮ್ಮ ವ್ಯವಸ್ಥೆಗಿದೆ. ಕಡ್ಡಾಯ ಗ್ರಾಮೀಣ ಸೇವೆಯ ಕಾನೂನಿನ ಕತೆ ಗೊತ್ತಲ್ವಾ? 2012ರ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತಂದು, ಹುದ್ದೆ ಖಾಲಿ ಇದ್ದಷ್ಟಕ್ಕೆ ಮಾತ್ರ ಸೇವೆ ಅಂತ ಮಾಡಿದ್ರು. ಹುದ್ದೆ ತುಂಬೋದೇ ಗುರಿಯಾದಾಗ ಕಲಿಕೆಯ ಮಾತು ಯಾರಿಗೂ ನೆನಪಾಗಲ್ಲ. ಪಿಜಿ ಬೇಲೂರಿಗೆ ಬಂದ್ರೆ ಅವರ ಜೊತೆ ಕಲಿಸೋ ಹಿರಿಯರೂ ಬರಬೇಕು, ವಾರಕ್ಕೆರಡು ದಿನವಾದ್ರೂ. ಸ್ತ್ರೀರೋಗ ವಿಭಾಗದಲ್ಲಿ ಓದ್ತಿರೋರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಬೀಗ ಸರಿಯಾಗಿರೋ ಕ್ವಾರ್ಟರ್ಸ್, ರಾತ್ರಿ ಡ್ಯೂಟಿಗೆ ಕಾವಲು ಇಲ್ಲದೆ ಅವರನ್ನ ಕಳಿಸೋದು ಅನ್ಯಾಯ.

ಸಣ್ಣ ಆಸ್ಪತ್ರೆಯಲ್ಲಿ ಕಲಿಸಿದ್ರೆ ಫಲ ಸಿಗುತ್ತಾ? 2023ರಲ್ಲಿ ಪ್ರಕಟವಾದ ‘ಇ-ಮೋಟಿವ್’ ಪ್ರಯೋಗ ನೋಡಿ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಮಧ್ಯಮ ಹಂತದ ಆಸ್ಪತ್ರೆಗಳಲ್ಲಿ, ರಕ್ತ ಎಷ್ಟು ಹೋಯ್ತು ಅಂತ ಅಳೆಯೋ ಗುರುತಿರುವ ಪ್ಲಾಸ್ಟಿಕ್ ಹಾಳೆ ಕೊಟ್ಟು, ಚಿಕಿತ್ಸೆಗಳನ್ನ ಒಂದಾದ ಮೇಲೊಂದು ಕಾಯದೆ ಒಟ್ಟಿಗೇ ಶುರು ಮಾಡೋಕೆ ಸಿಬ್ಬಂದಿಗೆ ಅಲ್ಲೇ ತರಬೇತಿ ಕೊಟ್ರು. ತೀವ್ರ ರಕ್ತಸ್ರಾವ, ಅದರಿಂದಾದ ಶಸ್ತ್ರಚಿಕಿತ್ಸೆ ಅಥವಾ ಸಾವು ಸೇರಿದ ಲೆಕ್ಕ ಶೇ 60ರಷ್ಟು ಇಳಿಯಿತು. ಕಲಿತವರಲ್ಲಿ ಡಾಕ್ಟರಷ್ಟೇ ಅಲ್ಲ, ಸೂಲಗಿತ್ತಿ ನರ್ಸುಗಳೂ ಇದ್ದರು.

ಮುಂದಿನ ಸಲ ಜಿಲ್ಲಾ ರೆಸಿಡೆನ್ಸಿಯ ಪಟ್ಟಿ ಬಂದಾಗ ಹಾಸನದ ಎದುರು ಯಾವ್ಯಾವ ಆಸ್ಪತ್ರೆ ಇದೆ ನೋಡಿ. ಬೇಲೂರು, ಅರಸೀಕೆರೆ ಇಲ್ಲ ಅಂದ್ರೆ ಯಾಕಿಲ್ಲ ಅಂತ ಒಂದು ಆರ್‌ಟಿಐ ಹಾಕಿ. ಹತ್ತು ರೂಪಾಯಿ ಖರ್ಚು.